ಕೂಟಪಾಶ: ಕರ್ತೃವಿನ ಅನುಪಸ್ಥಿತಿಯಲ್ಲಿ ನಡೆಯುವ ಹಿಂಸೆ

ಬೇಟೆಗಾರನು ಬಾಣವನ್ನು ಬಿಡುವಾಗ ಅವನ ಕಣ್ಣು, ಕೈ ಮತ್ತು ಮನಸ್ಸು ಮೂರೂ ಮೃಗದ ಮೇಲೆ ನೆಟ್ಟಿರುತ್ತವೆ. ಸಂಕಲ್ಪ, ಕ್ರಿಯೆ ಮತ್ತು ಫಲ ಇವು ಒಂದರ ಬೆನ್ನಿಗೆ ಒಂದು ಬರುವುದರಿಂದ ಕರ್ತೃ ಯಾರೆಂದು ವಿಚಾರಿಸುವ ಅಗತ್ಯವೇ ಬೀಳುವುದಿಲ್ಲ. ಆದರೆ ಬೋನು, ಬಲೆ, ಉರುಲು, ಗುಂಡಿ ಇವುಗಳ ವಿಷಯ ಹಾಗಲ್ಲ. ಗುಂಡಿಯನ್ನು ತೋಡಿ ಮೇಲೆ ಸೊಪ್ಪು ಮುಚ್ಚಿದವನು ಸಂಜೆಗೆ ಮನೆಗೆ ಮರಳುತ್ತಾನೆ, ಕೈಕಾಲು ತೊಳೆದು ಉಣ್ಣುತ್ತಾನೆ, ಮಕ್ಕಳೊಡನೆ ಮಾತನಾಡುತ್ತಾನೆ, ನಿದ್ರಿಸುತ್ತಾನೆ. ಅವನು ನಿದ್ರಿಸುತ್ತಿರುವಾಗ ಎಲ್ಲೋ ದೂರದ ಕಾಡಿನಲ್ಲಿ ಒಂದು ಜೀವ ಆ ಗುಂಡಿಯೊಳಗೆ ಬೀಳುತ್ತದೆ. ಆ ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ಕ್ರೋಧವಿಲ್ಲ, ಕೈಯಲ್ಲಿ ಆಯುಧವಿಲ್ಲ, ಬಾಯಲ್ಲಿ ಕಠೋರವಾದ ಮಾತಿಲ್ಲ. ಹಾಗಾದರೆ ಹಿಂಸೆ ಯಾವಾಗ ನಡೆಯಿತು? ತೋಡಿದಾಗಲೇ, ಮುಚ್ಚಿದಾಗಲೇ, ಬಿದ್ದಾಗಲೇ? ಯಾವ ಪ್ರಾಣಿಯೂ ಬೀಳದೆ ಹೋದರೆ ತೋಡಿದವನು ನಿರ್ದೋಷಿಯೇ?

ಈ ಪ್ರಶ್ನೆ ಕಾಡಿನ ಬೇಡನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮನುಷ್ಯನ ಅನೇಕ ಕಾರ್ಯಗಳು ಅವನು ಕೈಬಿಟ್ಟ ಮೇಲೂ ತಮ್ಮಷ್ಟಕ್ಕೆ ತಾವೇ ನಡೆಯುತ್ತಿರುತ್ತವೆ. ಅವುಗಳ ಹೊಣೆಯನ್ನು ಅರಿಯಬೇಕಾದರೆ ಬೋನಿನ ಸ್ವರೂಪವನ್ನು ಮೊದಲು ಅರಿಯುವುದು ಒಳಿತು.

ಪ್ರಾಣಿಗಳನ್ನು ಹಿಡಿಯಲು ಮನುಷ್ಯನು ಕಂಡುಕೊಂಡ ಸಾಧನಗಳು ಹಲವು. ಉರುಲು ಪ್ರಾಣಿಯ ಚಲನೆಯನ್ನೇ ಅದರ ಶತ್ರುವನ್ನಾಗಿಸುತ್ತದೆ. ಬಿಡಿಸಿಕೊಳ್ಳಲು ಎಳೆದಷ್ಟೂ ಕುಣಿಕೆ ಬಿಗಿಯಾಗುತ್ತದೆ. ಬಲೆಯು ರೆಕ್ಕೆ, ಕಾಲು, ಕಿವಿರುಗಳನ್ನು ಎಳೆಗಳಲ್ಲಿ ಸಿಕ್ಕಿಸುತ್ತದೆ. ಪಂಜರದ ಬೋನಿನಲ್ಲಿ ಆಹಾರವನ್ನು ಮುಟ್ಟಿದೊಡನೆ ಬಾಗಿಲು ಬೀಳುತ್ತದೆ. ಕಬ್ಬಿಣದ ದವಡೆಯ ಬೋನು ಕಾಲಿಟ್ಟೊಡನೆ ಮೂಳೆಯವರೆಗೆ ಕಚ್ಚಿಕೊಳ್ಳುತ್ತದೆ. ಇದರ ಕ್ರೌರ್ಯವನ್ನು ಕಂಡು ಯೂರೋಪಿನ ಒಕ್ಕೂಟವು 1991ರಲ್ಲಿ ನಿಯಮ ಮಾಡಿ 1995ರಿಂದ ತನ್ನ ರಾಷ್ಟ್ರಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಮರದ ಅಂಟನ್ನು ಕೊಂಬೆಗೆ ಬಳಿದು ಹಕ್ಕಿ ಹಿಡಿಯುವುದು ಇನ್ನೊಂದು ಕ್ರಮ. ಎತ್ತಿ ನಿಲ್ಲಿಸಿದ ಬಂಡೆ ಅಥವಾ ದಿಮ್ಮಿಯು ಆಸರೆಯ ಕಡ್ಡಿ ಸರಿದೊಡನೆ ಪ್ರಾಣಿಯ ಮೇಲೆ ಕುಸಿಯುವಂತೆ ಮಾಡುವುದು ಮತ್ತೊಂದು. ಇವೆಲ್ಲವುಗಳಲ್ಲಿಯೂ ಅತ್ಯಂತ ಸರಳವಾದುದು ಗುಂಡಿ. ಇದರಲ್ಲಿ ಚಲಿಸುವ ಅಂಗವೇ ಇಲ್ಲ. ಭೂಮಿಯ ಆಕರ್ಷಣೆ ಮತ್ತು ಪ್ರಾಣಿಯ ಸ್ವಂತ ಭಾರ ಇವೆರಡೇ ಇದರ ಯಂತ್ರ.

ಮೇಲ್ನೋಟಕ್ಕೆ ಭಿನ್ನವಾಗಿ ಕಂಡರೂ ಈ ಸಾಧನಗಳೆಲ್ಲ ಮೂರು ಅಂಶಗಳನ್ನು ಆಶ್ರಯಿಸಿವೆ. ಮೊದಲನೆಯದು ಪ್ರಾಣಿಯ ಅಭ್ಯಾಸದ ಜ್ಞಾನ: ಅದು ಯಾವ ದಾರಿಯಲ್ಲಿ ನಡೆಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ, ಯಾವುದಕ್ಕೆ ಆಸೆಪಡುತ್ತದೆ ಎಂಬ ತಿಳಿವಳಿಕೆ. ಎರಡನೆಯದು ಮರೆಮಾಚುವಿಕೆ. ಮೂರನೆಯದು ತಡೆ, ಎಂದರೆ ಒಳಹೋಗುವುದು ಸುಲಭವಾಗಿ ಹೊರಬರುವುದು ಅಸಾಧ್ಯವಾಗುವ ಏರ್ಪಾಡು. ಈ ಮೂರರಲ್ಲಿ ಒಂದು ತಪ್ಪಿದರೂ ಬೋನು ಬೋನಾಗಿ ಉಳಿಯುವುದಿಲ್ಲ. ಎಲ್ಲರಿಗೂ ಕಾಣುವ ಹಳ್ಳ ಬರಿಯ ಹಳ್ಳ. ಸುಲಭವಾಗಿ ಹತ್ತಿಬರಬಹುದಾದ ತಗ್ಗು ಬರಿಯ ತಗ್ಗು.

ಪ್ರಕೃತಿಯಲ್ಲಿಯೂ ಗುಂಡಿ ತೋಡುವ ಜೀವಿಗಳುಂಟು. ಒಣ ಮರಳಿನಲ್ಲಿ ಆಲಿಕೆಯ ಆಕಾರದ ಪುಟ್ಟ ಕುಳಿಯನ್ನು ಮಾಡಿ, ಅದರ ತಳದಲ್ಲಿ ಅಡಗಿ ಇರುವೆಗಳಿಗಾಗಿ ಕಾಯುವ ಹುಳುವನ್ನು ಹಳ್ಳಿಯ ಮಕ್ಕಳೆಲ್ಲ ಬಲ್ಲರು. ಕುಳಿಯ ಇಳಿಜಾರು, ಮರಳು ಜಾರದೆ ನಿಲ್ಲಬಹುದಾದ ಕೊನೆಯ ಮಟ್ಟದಲ್ಲಿರುತ್ತದೆ. ಇರುವೆಯು ಅಂಚಿಗೆ ಕಾಲಿಟ್ಟರೆ ಸಾಕು, ಮರಳು ಕುಸಿದು ಅದನ್ನು ಕೆಳಕ್ಕೆ ಒಯ್ಯುತ್ತದೆ. ಹತ್ತಲು ಯತ್ನಿಸಿದರೆ ತಳದ ಹುಳು ಮರಳನ್ನು ಮೇಲಕ್ಕೆ ಎರಚಿ ಮತ್ತೆ ಜಾರಿಸುತ್ತದೆ. ಆದರೆ ಆ ಹುಳುವಿಗೆ ಬೇರೆ ಜೀವನೋಪಾಯವಿಲ್ಲ, ಇದು ಹಿತ ಅದು ಅಹಿತ ಎಂದು ವಿವೇಚಿಸುವ ಶಕ್ತಿಯೂ ಇಲ್ಲ. ಮನುಷ್ಯನಿಗೆ ಇವೆರಡೂ ಉಂಟು. ಆದುದರಿಂದ ಪ್ರಕೃತಿಯಲ್ಲಿ ಹೀಗೆ ನಡೆಯುತ್ತದೆ ಎಂಬ ಮಾತು ಮನುಷ್ಯನ ಗುಂಡಿಗೆ ಸಮರ್ಥನೆಯಾಗಲಾರದು.

ಮನುಷ್ಯನು ತೋಡಿದ ಗುಂಡಿಗಳಲ್ಲಿ ಅತಿ ದೊಡ್ಡದು ಆನೆಗಾಗಿ ತೋಡಿದ್ದು. ಕರ್ನಾಟಕ, ಕೇರಳ ಮತ್ತು ತಮಿಳುನಾಡಿನ ಅರಣ್ಯಗಳಲ್ಲಿ ಈ ಪದ್ಧತಿ ದೀರ್ಘಕಾಲ ನಡೆದುಬಂದಿತ್ತು. ಆನೆಗಳು ನೀರಿಗೂ ಮೇವಿಗೂ ತಲೆಮಾರುಗಳಿಂದ ಒಂದೇ ದಾರಿಯನ್ನು ಹಿಡಿದು ನಡೆಯುವುದರಿಂದ ಆ ದಾರಿಯೇ ಗುಂಡಿಯ ಸ್ಥಳ. ಆನೆಯ ಎತ್ತರವನ್ನು ಮೀರುವಷ್ಟು ಆಳ, ಅದು ಒಳಗೆ ಸುತ್ತಿ ತಿರುಗಿ ದಡವನ್ನು ಕೆಡವಲಾಗದಷ್ಟು ಇಕ್ಕಟ್ಟು, ನೇರವಾದ ಗೋಡೆಗಳು: ಇವು ಅದರ ಲಕ್ಷಣ. ಆನೆಯು ನೆಗೆಯಲಾರದ ಪ್ರಾಣಿ. ಹಾರಿ ಪಾರಾಗುವ ಅಥವಾ ಜಿಗಿದು ಹೊರಬರುವ ದಾರಿ ಅದಕ್ಕಿಲ್ಲ. ಅಗೆದ ಮಣ್ಣನ್ನು ದೂರ ಸಾಗಿಸಿ, ಬಿದಿರು ಮತ್ತು ತೆಳುವಾದ ಕೋಲುಗಳನ್ನು ಹಾಸಿ, ಮೇಲೆ ಎಲೆ ಮಣ್ಣುಗಳನ್ನು ಹರಡಿ, ಕೆಲವೊಮ್ಮೆ ಆನೆಯ ಲದ್ದಿಯನ್ನೂ ಚೆಲ್ಲಿ ನೆಲವೆಂಬ ಭ್ರಮೆಯನ್ನು ಹುಟ್ಟಿಸಲಾಗುತ್ತಿತ್ತು. ಈ ಹೊದಿಕೆ ಉದುರಿದ ಎಲೆಯನ್ನೂ ಓಡುವ ಮೊಲವನ್ನೂ ತಾಳುತ್ತದೆ. ಆನೆಯ ಪಾದವನ್ನು ತಾಳುವುದಿಲ್ಲ. ಗುಂಡಿಯ ತಂತ್ರವೆಲ್ಲ ಈ ಒಂದು ಲೆಕ್ಕಾಚಾರದಲ್ಲಿ ಅಡಗಿದೆ.

ಬಿದ್ದ ಮೇಲಿನ ಸ್ಥಿತಿಯನ್ನೂ ಗಮನಿಸಬೇಕು. ಎತ್ತರದಿಂದ ಬಿದ್ದ ಇಲಿ ಮೈಕೊಡವಿ ಓಡಿಹೋಗಬಹುದು. ಆನೆಯ ದೇಹ ಹಲವು ಸಾವಿರ ಕಿಲೋಗ್ರಾಂ ತೂಗುತ್ತದೆ. ಅದೇ ಎತ್ತರದ ಬೀಳು ಅದರ ಕಾಲು ಮುರಿಯಲು, ಒಳಗಿನ ಅಂಗಗಳು ಘಾಸಿಗೊಳ್ಳಲು ಸಾಕು. ಆ ಕಾರಣದಿಂದಲೇ ಮುಂದೆ ಗುಂಡಿಯ ತಳಕ್ಕೆ ಸೊಪ್ಪುಕೊಂಬೆಗಳ ಹಾಸನ್ನು ಹಾಕುವ ರೂಢಿ ಬಂದಿತು. ಬದುಕುಳಿದ ಆನೆಯನ್ನು ಹಸಿವು ಬಾಯಾರಿಕೆಗಳಿಂದ ಕುಗ್ಗಿಸಿ, ಹಗ್ಗ ಬಿಗಿದು, ಗುಂಡಿಗೆ ದಿಮ್ಮಿಗಳನ್ನು ಹಾಕುತ್ತಾ ನೆಲವನ್ನು ಎತ್ತರಿಸಿ, ಪಳಗಿದ ಆನೆಗಳ ನೆರವಿನಿಂದ ಹೊರಗೆಳೆಯುತ್ತಿದ್ದರು.

ಇಂತಹ ಗುಂಡಿಯ ದೋಷವನ್ನು ಮೊದಲು ಕಂಡವರು ಇಂದಿನ ಪ್ರಾಣಿದಯಾ ಸಂಘಗಳವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆನೆ ಹಿಡಿಯುವ ಐದು ವಿಧಾನಗಳ ನಿರೂಪಣೆಯಿದೆ. ಆವರಣದೊಳಕ್ಕೆ ಅಟ್ಟಿ ಹಿಡಿಯುವ ವಾರೀಬಂಧ, ಹೆಣ್ಣಾನೆಗಳ ಮೂಲಕ ಮರುಳುಗೊಳಿಸುವ ವಶಾಬಂಧ, ಬೆನ್ನಟ್ಟಿ ಹಿಡಿಯುವ ಅನುಗತಬಂಧ, ಮೇಲೆರಗಿ ಹಿಡಿಯುವ ಆಪಾತಬಂಧ, ಗುಂಡಿಗೆ ಕೆಡಹುವ ಅವಪಾತಬಂಧ ಇವೇ ಆ ಐದು. ಇವುಗಳಲ್ಲಿ ಕೊನೆಯ ಎರಡು ಆನೆಗಳ ನಾಶಕ್ಕೆ ಕಾರಣವಾಗುವುದರಿಂದ ವರ್ಜ್ಯವೆಂದು ಗಜಶಾಸ್ತ್ರದ ಅಭಿಪ್ರಾಯ. ಆನೆಯ ಸೈನ್ಯವನ್ನೇ ನೆಚ್ಚಿದ್ದ ಅರಸರ ಕಾಲದ ಗ್ರಂಥವೊಂದು ಗುಂಡಿಯನ್ನು ಸಲ್ಲದೆಂದು ಬಗೆದುದು ಚಿಂತನೀಯ.

ಇದಕ್ಕೂ ಹಿಂದಿನ ಕೌಟಿಲ್ಯನ ಅರ್ಥಶಾಸ್ತ್ರವು ಮರಿಯಾನೆ, ದಂತವಿಲ್ಲದ ಗಂಡಾನೆ, ರೋಗಿಷ್ಠ ಆನೆ, ಗರ್ಭಿಣಿ ಮತ್ತು ಹಾಲೂಡುವ ಹೆಣ್ಣಾನೆ ಇವನ್ನು ಹಿಡಿಯಬಾರದೆಂದು ವಿಧಿಸುತ್ತದೆ. ಈ ನಿಯಮವನ್ನು ಗುಂಡಿಯ ಮುಂದಿಟ್ಟು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ಬೆನ್ನಟ್ಟಿ ಹೋಗುವವನು ಇದು ಗರ್ಭಿಣಿ, ಇದನ್ನು ಬಿಡಬೇಕು ಎಂದು ಹಿಂದಕ್ಕೆ ಸರಿಯಬಲ್ಲನು. ಗುಂಡಿಗೆ ಆ ವಿವೇಕವಿಲ್ಲ. ತನ್ನ ಮೇಲೆ ಕಾಲಿಟ್ಟದ್ದು ಮದಗಜವೋ, ತಾಯಿಯ ಹಿಂದೆ ನಡೆದುಬಂದ ಮರಿಯೋ, ಸೌದೆಗೆ ಹೋದ ಮನುಷ್ಯನೋ ಅದಕ್ಕೆ ತಿಳಿಯದು. ಅದನ್ನು ತೋಡಿದವನು ತನ್ನ ವಿವೇಕವನ್ನು ಮಣ್ಣಿಗೆ ಒಪ್ಪಿಸಿ ಹೊರಟುಹೋಗಿರುತ್ತಾನೆ.

ಮೈಸೂರು ಸಂಸ್ಥಾನದಲ್ಲಿ ಜಿ. ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿಯು 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಪದ್ಧತಿಯನ್ನು ಆರಂಭಿಸಿದನು. ಖೆಡ್ಡಾ ಎಂದರೆ ಹಿಂಡನ್ನು ಸುತ್ತುವರಿದು ಭದ್ರವಾದ ಆವರಣದೊಳಕ್ಕೆ ಅಟ್ಟುವ ಕ್ರಮ. ಹಳೆಯ ವಾರೀಬಂಧದ ಹೊಸ ರೂಪ. ಜನರ ಬಾಯಲ್ಲಿ ಮಾತ್ರ ಈ ಮಾತು ಗುಂಡಿಯೆಂಬ ಅರ್ಥವನ್ನೂ ಪಡೆದು, ಒಬ್ಬನಿಗೆ ಕೇಡು ಬಗೆಯುವುದನ್ನು ಖೆಡ್ಡಾ ತೋಡುವುದು ಎಂದೇ ಕರೆಯುವ ವಾಡಿಕೆ ಬೆಳೆಯಿತು. ಕಬಿನಿ ತೀರದ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಕೇರಳದಲ್ಲಿ ಗುಂಡಿಯ ಪದ್ಧತಿಯು ಎಪ್ಪತ್ತರ ದಶಕದವರೆಗೂ ಉಳಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೊಲ್ಲುವುದನ್ನಷ್ಟೇ ಅಲ್ಲದೆ ಬೋನಿಗೆ ಕೆಡಹುವುದು, ಉರುಲು ಒಡ್ಡುವುದು, ಆಮಿಷವೊಡ್ಡಿ ಸೆಳೆಯುವುದು ಇವನ್ನೂ ಬೇಟೆಯೆಂಬ ಪದದ ಅರ್ಥದೊಳಗೆ ಸೇರಿಸಿತು. 1977ರಲ್ಲಿ ಆನೆಯು ಆ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿ ಪೂರ್ಣ ರಕ್ಷಣೆ ಪಡೆಯಿತು.

ಕಾಯಿದೆಯು ಬೋನೊಡ್ಡುವುದನ್ನೇ ಬೇಟೆಯೆಂದು ಕರೆದುದು ಇತ್ತೀಚಿನ ಮಾತು. ಈ ವಿಚಾರವನ್ನು ಬಹಳ ಹಿಂದೆಯೇ, ಅದಕ್ಕಿಂತ ಸೂಕ್ಷ್ಮವಾಗಿ, ಜೈನಾಗಮವು ಎತ್ತಿಕೊಂಡಿದೆ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಭಗವತೀಸೂತ್ರದ ಮೊದಲನೆಯ ಶತಕದಲ್ಲಿ ಗೌತಮ ಗಣಧರರು ಭಗವಾನ್ ಮಹಾವೀರರಿಗೆ ಕೇಳಿದ ಪ್ರಶ್ನೆಯೊಂದಿದೆ. ಮೃಗಗಳನ್ನು ಹಿಡಿದು ಜೀವಿಸುವ ಒಬ್ಬನು ಕಾಡಿಗೆ ಹೋಗಿ ಕೂಟಪಾಶವನ್ನು ಒಡ್ಡುತ್ತಾನೆ. ಅವನಿಗೆ ಎಷ್ಟು ಕ್ರಿಯೆಗಳು ತಗಲುತ್ತವೆ ಎಂಬುದು ಪ್ರಶ್ನೆ. ಕೂಟವೆಂದರೆ ಮೃಗವನ್ನು ಹಿಡಿಯುವ ಗುಂಡಿ ಮೊದಲಾದ ಸಾಧನ, ಪಾಶವೆಂದರೆ ಅದನ್ನು ಕಟ್ಟುವ ಹುರಿ. ಉತ್ತರವು ಒಂದೇ ಸಂಖ್ಯೆಯಲ್ಲಿ ಮುಗಿಯುವುದಿಲ್ಲ. ಮೂರಿರಬಹುದು, ನಾಲ್ಕಿರಬಹುದು, ಐದಿರಬಹುದು ಎಂದು ಅದು ಬಿಡಿಸಿ ಹೇಳುತ್ತದೆ.

ಒಡ್ಡಿದ್ದಾನೆ, ಆದರೆ ಮೃಗವು ಇನ್ನೂ ಸಿಕ್ಕಿಲ್ಲ, ಸತ್ತಿಲ್ಲ: ಆಗ ಮೂರು ಕ್ರಿಯೆಗಳು. ದೇಹದ ಪ್ರವೃತ್ತಿಯಿಂದ ಕಾಯಿಕೀ, ಹಿಂಸೆಯ ಉಪಕರಣವನ್ನು ಸಿದ್ಧಪಡಿಸಿದ್ದರಿಂದ ಆಧಿಕರಣಿಕೀ, ದ್ವೇಷಭಾವದಿಂದ ಪ್ರಾದ್ವೇಷಿಕೀ. ಮೃಗವು ಸಿಕ್ಕಿಬಿದ್ದು ಬಂಧನಕ್ಕೊಳಗಾದರೆ ಅದರ ಸಂಕಟದಿಂದಾಗಿ ಪಾರಿತಾಪನಿಕೀ ಎಂಬ ನಾಲ್ಕನೆಯದು ಕೂಡಿಕೊಳ್ಳುತ್ತದೆ. ಸತ್ತರೆ ಪ್ರಾಣಾತಿಪಾತಿಕೀ ಎಂಬ ಐದನೆಯದು. ಈ ವಿಭಾಗವನ್ನು ಸಾವಧಾನದಿಂದ ಪರಿಶೀಲಿಸಿದರೆ ಆರಂಭದಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಯಾವ ಪ್ರಾಣಿಯೂ ಬೀಳದಿದ್ದರೂ ತೋಡಿದವನು ನಿರ್ದೋಷಿಯಲ್ಲ. ಐದರಲ್ಲಿ ಮೂರು ಪಾಲು ಆಗಲೇ ಅವನಿಗೆ ತಗಲಿವೆ. ಹಾಗೆಂದು ಬೀಳುವುದೂ ಬೀಳದಿರುವುದೂ ಒಂದೇ ಎಂದೂ ಆಗಮವು ಹೇಳುವುದಿಲ್ಲ. ಸಂಕಟಪಟ್ಟ ಜೀವದ ಸಂಕಟಕ್ಕೆ ಲೆಕ್ಕವಿದೆ, ಹೋದ ಪ್ರಾಣಕ್ಕೆ ಲೆಕ್ಕವಿದೆ. ಭಾವವನ್ನಷ್ಟೇ ಎಣಿಸಿ ಪ್ರಾಣಿಯ ನೋವನ್ನು ಮರೆಯುವ ಏಕಾಂತವೂ, ಫಲವನ್ನಷ್ಟೇ ಎಣಿಸಿ ಭಾವವನ್ನು ಮರೆಯುವ ಏಕಾಂತವೂ ಇಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿಯೂ ಇದರಿಂದ ಸ್ಪಷ್ಟವಾಗುತ್ತದೆ. ನಾಲ್ಕನೆಯ ಮತ್ತು ಐದನೆಯ ಕ್ರಿಯೆಗಳು ತಗಲಲು ಒಡ್ಡಿದವನು ಸ್ಥಳದಲ್ಲಿ ಇರಬೇಕಾಗಿಲ್ಲ. ಅವನು ಮಲಗಿರಲಿ, ಬೇರೂರಿಗೆ ಹೋಗಿರಲಿ, ಗುಂಡಿಯು ಅವನ ಕೈಯ ಮುಂದುವರಿಕೆಯಾಗಿ ಉಳಿದಿರುತ್ತದೆ. ಆದರೆ ಇದೇ ಮಾತಿನಲ್ಲಿ ಒಂದು ಆಶಾಕಿರಣವೂ ಇದೆ. ಬಾಣವನ್ನು ಬಿಟ್ಟವನು ಅದನ್ನು ಮರಳಿ ಕರೆಯಲಾರನು. ಗುಂಡಿ ತೋಡಿದವನು ಮರುದಿನ ಹೋಗಿ ಅದನ್ನು ಮುಚ್ಚಬಲ್ಲನು. ಸಂಕಲ್ಪಕ್ಕೂ ಫಲಕ್ಕೂ ನಡುವೆ ಅವನಿಗೆ ಕಾಲಾವಕಾಶ ದೊರೆತಿದೆ. ಆ ಅವಕಾಶವು ಅವನ ಅಪರಾಧವನ್ನು ಹಗುರಮಾಡುವುದಿಲ್ಲ. ಮುಚ್ಚಬಹುದಾಗಿದ್ದ ಪ್ರತಿಯೊಂದು ದಿನವೂ ಮುಚ್ಚದೆ ಬಿಟ್ಟ ದಿನವೇ ಆಗುವುದರಿಂದ, ಅದು ಅವನ ಹೊಣೆಯನ್ನು ಹೆಚ್ಚಿಸುತ್ತದೆ. ಇಲ್ಲಿ ಪಶ್ಚಾತ್ತಾಪವೆಂದರೆ ಮನಸ್ಸಿನಲ್ಲಿ ಮರುಗುವುದಷ್ಟೇ ಅಲ್ಲ. ಗುದ್ದಲಿ ಹಿಡಿದು ಕಾಡಿಗೆ ಹೋಗುವುದು.

ತತ್ತ್ವಾರ್ಥಸೂತ್ರವು ಜೀವಾಧಿಕರಣವನ್ನು ವಿವರಿಸುವಾಗ ಹಿಂಸೆಗೆ ಮೂರು ಮೆಟ್ಟಿಲುಗಳನ್ನು ಗುರುತಿಸುತ್ತದೆ. ಮಾಡಬೇಕೆಂಬ ನಿಶ್ಚಯವು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. ಇವನ್ನು ಮನಸ್ಸು, ಮಾತು, ಕಾಯಗಳಿಂದಲೂ, ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಮೂರರಿಂದಲೂ, ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಬೋನಿನ ವಿಶೇಷವೆಂದರೆ ಅದರಲ್ಲಿ ಸಮಾರಂಭದ ಪಾಲು ಅತಿ ದೊಡ್ಡದು. ಬಾಣದ ಹಿಂಸೆ ಒಂದು ಕ್ಷಣದ ಆವೇಶದಿಂದ ನಡೆದುಹೋಗಬಹುದು. ಗುಂಡಿಯನ್ನು ಆವೇಶದಲ್ಲಿ ತೋಡಲಾಗದು. ದಾರಿಯನ್ನು ನೋಡಬೇಕು, ದಿನಗಟ್ಟಲೆ ಅಗೆಯಬೇಕು, ಮಣ್ಣನ್ನು ಸಾಗಿಸಬೇಕು, ಬಿದಿರು ಕಡಿದು ತರಬೇಕು. ಅಷ್ಟು ಹೊತ್ತು ಮನಸ್ಸು ಹಿಂಸೆಯಲ್ಲಿಯೇ ನೆಲೆಸಿರಬೇಕು.

ಕಷಾಯಗಳಲ್ಲಿಯೂ ಬೋನಿಗೆ ಹತ್ತಿರವಾದುದು ಕ್ರೋಧವಲ್ಲ, ಮಾಯೆ. ಮರೆಮಾಚುವಿಕೆಯಿಲ್ಲದೆ ಬೋನಿಲ್ಲ. ಇರುವುದನ್ನು ಇಲ್ಲವೆಂದೂ ಇಲ್ಲದ ನೆಲವನ್ನು ಇದೆಯೆಂದೂ ತೋರಿಸುವುದೇ ಅದರ ಪ್ರಾಣ. ಮಾಯೆಯು ತಿರ್ಯಂಚಾಯುಷ್ಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಎಂದರೆ ವಂಚಿಸಿದವನು ಪಶುಗತಿಗೆ ಬೀಳುವ ದಾರಿಯನ್ನು ತಾನೇ ಮಾಡಿಕೊಳ್ಳುತ್ತಾನೆ. ಪರರಿಗೆ ತೋಡಿದ ಗುಂಡಿಗೆ ತಾನೇ ಬೀಳುವುದೆಂಬ ಜನಪದದ ಗಾದೆಗೂ ಈ ಸಿದ್ಧಾಂತಕ್ಕೂ ಇರುವ ಸಾಮ್ಯ ಆಕಸ್ಮಿಕವಲ್ಲ.

ಇಲ್ಲಿ ಒಂದು ಹಳೆಯ ದೃಷ್ಟಾಂತವನ್ನು ಪುನಃ ಪರಿಶೀಲಿಸುವುದು ಉಚಿತ. ಪ್ರವಚನಗಳಲ್ಲಿ ಐದು ಇಂದ್ರಿಯಗಳಿಗೆ ಐದು ಪ್ರಾಣಿಗಳನ್ನು ನಿದರ್ಶನವಾಗಿ ಹೇಳುವುದುಂಟು. ಸ್ಪರ್ಶಸುಖದ ಆಸೆಯಿಂದ ಆನೆಯು ಗುಂಡಿಗೆ ಬೀಳುತ್ತದೆ, ರುಚಿಯ ಆಸೆಯಿಂದ ಮೀನು ಗಾಳಕ್ಕೆ, ಗಂಧದ ಆಸೆಯಿಂದ ದುಂಬಿಯು ಕಮಲದೊಳಗೆ, ರೂಪದ ಆಸೆಯಿಂದ ಪತಂಗವು ದೀಪಕ್ಕೆ, ನಾದದ ಆಸೆಯಿಂದ ಜಿಂಕೆಯು ಬೇಡನ ಬಲೆಗೆ. ಕೇಳುಗನು ತನ್ನ ಇಂದ್ರಿಯಗಳನ್ನು ಅಂಕೆಯಲ್ಲಿಡಲಿ ಎಂಬುದು ಇದರ ಉದ್ದೇಶ. ಆ ಉದ್ದೇಶ ಸಾಧುವಾದುದೇ. ಆದರೆ ದೃಷ್ಟಾಂತವನ್ನು ಅದರ ಎಲ್ಲೆ ಮೀರಿ ಎಳೆದರೆ ದೋಷವೆಲ್ಲ ಆನೆಯದು, ಮೀನಿನದು, ಜಿಂಕೆಯದು ಎಂಬ ಭಾವನೆ ಹುಟ್ಟುತ್ತದೆ. ವಾಸ್ತವದಲ್ಲಿ ಗುಂಡಿಗೆ ಬಿದ್ದ ಆನೆಗಳಲ್ಲಿ ಬಹುಪಾಲು ನೀರಿನ ದಾರಿಯಲ್ಲಿ ನಡೆದು ಬಂದವು. ತಮ್ಮ ಹಿರಿಯರು ನಡೆದ ದಾರಿಯನ್ನು ನಂಬಿದುದು, ಹಿಂಡನ್ನು ಅನುಸರಿಸಿದುದು ಅವುಗಳ ಪಾಲಿನ ಅಪರಾಧ. ನಂಬಿಕೆಯು ದೋಷವಲ್ಲ, ನಂಬಿಕೆಯನ್ನು ಆಯುಧವಾಗಿ ಬಳಸಿಕೊಂಡುದು ದೋಷ. ಮೋಸಹೋದವರನ್ನು ಕುರಿತು ಅವರ ಆಸೆಯೇ ಅವರನ್ನು ಕೆಡಿಸಿತು ಎಂದು ಬೇಗನೆ ತೀರ್ಪು ಕೊಡುವ ಸಮಾಜವು ಈ ಭೇದವನ್ನು ನೆನಪಿಡಬೇಕು.

ಹಾಗಾದರೆ ನೆಲವನ್ನು ಅಗೆಯುವ ಎಲ್ಲರೂ ಹಿಂಸಕರೇ? ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ. ಶ. 959ರಲ್ಲಿ ಯಶಸ್ತಿಲಕ ಚಂಪುವನ್ನು ಮುಗಿಸಿದ ಸೋಮದೇವಸೂರಿಗಳು ಬೆಸ್ತ ಮತ್ತು ಒಕ್ಕಲಿಗರ ಉದಾಹರಣೆಯಿಂದ ಇದಕ್ಕೆ ಸಮಾಧಾನ ಸೂಚಿಸಿದ್ದಾರೆ. ಬಲೆ ಬೀಸಿ ಕುಳಿತವನು ಒಂದು ಮೀನನ್ನೂ ಕೊಲ್ಲದಿದ್ದರೂ ಪಾಪಕ್ಕೆ ಭಾಗಿ, ಉಳುವವನು ನೇಗಿಲಿನಿಂದ ಅನೇಕ ಜೀವಿಗಳಿಗೆ ಬಾಧೆ ಮಾಡಿದರೂ ಹಾಗಲ್ಲ, ಭೇದವಿರುವುದು ಅಭಿಪ್ರಾಯದಲ್ಲಿ. ಬಾವಿ ತೋಡುವವನೂ ಖೆಡ್ಡಾ ತೋಡುವವನೂ ಒಂದೇ ಗುದ್ದಲಿಯನ್ನು ಬಳಸುತ್ತಾರೆ, ಒಂದೇ ಮಣ್ಣನ್ನು ಅಗೆಯುತ್ತಾರೆ. ಒಬ್ಬನು ನೀರನ್ನು ಬಯಸುತ್ತಾನೆ, ಇನ್ನೊಬ್ಬನು ಬೀಳುವ ಜೀವವನ್ನು. ಅರಣ್ಯದ ಅಂಚಿನಲ್ಲಿ ಬೆಳೆ ರಕ್ಷಣೆಗಾಗಿ ತೋಡುವ ಆನೆ ಕಂದಕವೂ ಈ ದೃಷ್ಟಿಯಿಂದ ಖೆಡ್ಡಾದಂತಲ್ಲ. ಅದನ್ನು ಮುಚ್ಚಿ ಮರೆಮಾಡಿಲ್ಲ. ಅದು ತನ್ನನ್ನು ತೋರಿಸಿಕೊಂಡು, ಇಲ್ಲಿಗೆ ಬರಬೇಡ ಎಂದು ತಡೆಯುತ್ತದೆ.

ಆದರೆ ಈ ಸಮಾಧಾನದಲ್ಲಿ ಒಂದು ಅಪಾಯವೂ ಅಡಗಿದೆ. ತನ್ನ ಅಭಿಪ್ರಾಯ ಶುದ್ಧವಾಗಿತ್ತು ಎಂಬ ಮಾತಿನ ಹಿಂದೆ ಅಜಾಗರೂಕತೆಯು ಆಶ್ರಯ ಪಡೆಯಬಹುದು. ಪ್ರಮತ್ತಯೋಗವನ್ನೇ ಹಿಂಸೆಯ ಮೂಲವೆಂದು ಹೇಳಿದ ಧರ್ಮವು ಆ ಆಶ್ರಯವನ್ನು ಕೊಡುವುದಿಲ್ಲ. ವಸ್ತುಗಳನ್ನು ನೋಡದೆ, ಒರಸದೆ, ಅವಸರದಿಂದ, ಗಮನವಿಲ್ಲದೆ ಇಡುವುದನ್ನು ನಿಕ್ಷೇಪಾಧಿಕರಣವೆಂದು ಎಣಿಸಿರುವುದು ಇದೇ ಕಾರಣದಿಂದ. ನೀರಿಗಾಗಿ ಕೊರೆದ ಕೊಳವೆಬಾವಿ ಕೊರೆಯುವಾಗ ನಿರ್ದೋಷ. ನೀರು ಬಾರದೆಂದು ತಿಳಿದ ಮೇಲೆ ಅದರ ಬಾಯನ್ನು ಮುಚ್ಚದೆ ಬಿಟ್ಟುಹೋದರೆ, ಸುತ್ತ ಹುಲ್ಲು ಬೆಳೆದು ಅದನ್ನು ಮರೆಮಾಡಿದರೆ, ಬೋನಿನ ಮೂರು ಅಂಶಗಳೂ ಅಲ್ಲಿ ತಾವಾಗಿಯೇ ಕೂಡಿಬಂದಂತಾಗುತ್ತದೆ: ಮಗು ಆಡುವ ದಾರಿ, ಕಾಣದ ಬಾಯಿ, ಹೊರಬರಲಾಗದ ಆಳ. ಬೇಡನಿಲ್ಲದೆಯೇ ಖೆಡ್ಡಾ ಸಿದ್ಧವಾಗುತ್ತದೆ. ಇಂತಹ ದುರಂತಗಳು ಮರುಕಳಿಸಿದ್ದರಿಂದಲೇ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಕೊಳವೆಬಾವಿಗಳ ಸುತ್ತ ಬೇಲಿ ಹಾಕಬೇಕು, ನಿರುಪಯುಕ್ತವಾದವನ್ನು ತುಂಬಿ ಮುಚ್ಚಬೇಕು ಎಂದು ನಿರ್ದೇಶಿಸಿತು. ಆ ಬಳಿಕವೂ ಘಟನೆಗಳು ನಿಲ್ಲಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣ ಗ್ರಾಮದಲ್ಲಿ ಕೊಳವೆಬಾವಿಗೆ ಬಿದ್ದ ಎಳೆಯ ಮಗುವನ್ನು ರಕ್ಷಣಾ ತಂಡದವರು ದೀರ್ಘ ಪರಿಶ್ರಮದಿಂದ ಜೀವಂತವಾಗಿ ಹೊರತೆಗೆದರು. ಎಲ್ಲ ಮಕ್ಕಳಿಗೂ ಆ ಭಾಗ್ಯ ದೊರೆತಿಲ್ಲ.

ಉದ್ದೇಶವು ಒಂದು, ಫಲವು ಇನ್ನೊಂದು ಆಗುವ ಪ್ರಸಂಗಕ್ಕೆ ತೋಟದ ಬೇಲಿಯ ಉರುಲೂ ಉದಾಹರಣೆ. ಕಾಡುಹಂದಿಯ ಹಾವಳಿಯನ್ನು ತಡೆಯಲೆಂದು ವಾಹನದ ಕ್ಲಚ್ಚಿನ ತಂತಿಯಿಂದ ಕಟ್ಟಿದ ಉರುಲುಗಳಿಗೆ ಕೊಡಗು ಮೊದಲಾದ ಕಡೆ ಚಿರತೆಗಳೂ ಹುಲಿಗಳೂ ಸಿಕ್ಕಿ ಸತ್ತಿವೆ. ಹುಲಿಯನ್ನು ಕೊಲ್ಲುವ ಬಯಕೆ ಕಟ್ಟಿದವನಿಗೆ ಇರಲಿಲ್ಲವೆಂಬುದು ನಿಜವಿರಬಹುದು. ಯಾರು ಬರುತ್ತಾರೆಂದು ತಿಳಿಯದ ದಾರಿಯಲ್ಲಿ ಯಾರು ಬಂದರೂ ಕೊಲ್ಲುವ ಸಾಧನವನ್ನು ಇಟ್ಟುದು ಅದಕ್ಕಿಂತ ಹೆಚ್ಚಿನ ನಿಜ.

ಮನೆಯೊಳಗಿನ ಬೋನನ್ನೂ ಈ ಬೆಳಕಿನಲ್ಲಿ ನೋಡಬೇಕು. ದವಸಧಾನ್ಯದ ರಕ್ಷಣೆ ಗೃಹಸ್ಥನಿಗೆ ಅನಿವಾರ್ಯ. ಇಲಿಗಳ ಉಪದ್ರವ ಕಲ್ಪಿತವಲ್ಲ. ಆದರೆ ಉಪಾಯಗಳೆಲ್ಲ ಸಮಾನವಲ್ಲ. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಿದೆ. ಇಂದು ಅಂಗಡಿಗಳಲ್ಲಿ ಮಾರುವ ಅಂಟಿನ ಹಲಗೆಗೆ ಸಿಕ್ಕ ಇಲಿ ಬಂಧನದಲ್ಲಿದ್ದು, ಬಿಡಿಸಿಕೊಳ್ಳುವ ಯತ್ನದಲ್ಲಿ ಚರ್ಮ ಹರಿದುಕೊಂಡು, ಅನ್ನನೀರಿಲ್ಲದೆ ದಿನಗಟ್ಟಲೆ ನರಳಿ ಸಾಯುತ್ತದೆ. ಬಂಧ, ಛೇದ, ಅನ್ನಪಾನನಿರೋಧ, ಕೊನೆಗೆ ಪ್ರಾಣಹಾನಿ, ಎಲ್ಲವೂ ಒಂದೇ ಹಲಗೆಯ ಮೇಲೆ ನಡೆದುಹೋಗುತ್ತವೆ. ಪಂಜರದ ಬೋನನ್ನು ಇಟ್ಟು, ಹೊತ್ತುಹೊತ್ತಿಗೆ ನೋಡಿ, ಸಿಕ್ಕ ಇಲಿಯನ್ನು ತಡಮಾಡದೆ ಹೊರಗೆ ಬಿಡುವ ಹಿರಿಯರ ರೂಢಿಯಲ್ಲಿ ಬಂಧವಿದ್ದರೂ ಉಳಿದ ದೋಷಗಳಿಲ್ಲ. ಕಾಳಿನ ಪಾತ್ರೆಗೆ ಭದ್ರವಾದ ಮುಚ್ಚಳ, ಗೋಡೆಯ ಬಿಲಕ್ಕೆ ಗಾರೆ ಇವು ಅದಕ್ಕಿಂತಲೂ ಮೇಲು. ಬೋನೇ ಬೇಡವಾಗುವಂತೆ ಬಾಳುವುದು ಮೊದಲ ಉಪಾಯ.

ಕೊನೆಯದಾಗಿ ಅನುಮೋದನೆಯ ಪ್ರಶ್ನೆ ಉಳಿಯುತ್ತದೆ. ಗುಂಡಿ ತೋಡಿದವನು ಕೂಲಿಗಾಗಿ ತೋಡಿದನು. ಆನೆಯನ್ನು ಬಯಸಿದವರು ಬೇರೆಯವರು: ಸೈನ್ಯಕ್ಕಾಗಿ ಅರಸರು, ಮರ ಎಳೆಸಲು ವ್ಯಾಪಾರಿಗಳು, ಮೆರವಣಿಗೆಗಾಗಿ ಮಠ, ಬಸದಿ, ದೇವಾಲಯಗಳು. ಬೀದಿಯಲ್ಲಿ ಅಲಂಕೃತ ಗಜವನ್ನು ಕಂಡು ಕೈಮುಗಿದವರಿಗೆ ಅದರ ಕಾಲಿನ ಸರಪಳಿಯ ಆರಂಭ ಎಲ್ಲಿತ್ತೆಂದು ತಿಳಿದಿರಲಿಲ್ಲ. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನನೆಂಬ ಆನೆಯು 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕಿದ್ದು. 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಒಂದು ಕಾಡಾನೆಯೊಡನೆ ಕಾದಾಡಿ ಅದು ಸತ್ತಿತು. ಬೋನಿಗೆ ಸಿಕ್ಕ ಜೀವವು ಮುಂದೆ ತನ್ನ ಕುಲದವರನ್ನು ಹಿಡಿಯುವ ಸಾಧನವೇ ಆಯಿತು. ನಾಡಿನ ಜನ ಅದಕ್ಕಾಗಿ ಕಣ್ಣೀರಿಟ್ಟರು. ಆ ಕಣ್ಣೀರು ಪ್ರಾಮಾಣಿಕವಾದುದು. ಅದರೊಡನೆ, ಅದು ಕಾಡಿನಲ್ಲಿಯೇ ಇರಬಹುದಾಗಿತ್ತಲ್ಲವೇ ಎಂಬ ವಿಚಾರವೂ ಸೇರಿದರೆ ಮಾತ್ರ ದುಃಖವು ವಿವೇಕವಾಗುತ್ತದೆ. ಕೃತ ಮತ್ತು ಕಾರಿತಗಳ ಸಾಲಿನಲ್ಲಿಯೇ ಅನುಮತವನ್ನು ಇರಿಸಿದ ಆಚಾರ್ಯರ ದೃಷ್ಟಿ ಎಷ್ಟು ದೂರ ಹರಿದಿತ್ತೆಂಬುದು ಇಲ್ಲಿ ವ್ಯಕ್ತವಾಗುತ್ತದೆ.

ಮೇಲಿನ ವಿವೇಚನೆಯಿಂದ ಗೃಹಸ್ಥನಿಗೆ ದೊರೆಯುವ ನಿಯಮಗಳು ಸರಳವಾದವು. ತಾನು ಸ್ಥಳದಲ್ಲಿಲ್ಲ ಎಂಬ ಕಾರಣದಿಂದ ತನ್ನ ಕಾರ್ಯವು ತನ್ನದಲ್ಲವೆಂದು ಬಗೆಯಬಾರದು. ಯಾರಿಗೆ ತಗಲುವುದೆಂದು ತಾನು ನೋಡಲಾರದ ಸಾಧನವನ್ನು ಯಾರೂ ನಡೆಯುವ ದಾರಿಯಲ್ಲಿ ಇಡಬಾರದು. ಗುದ್ದಲಿ, ಹಗ್ಗ, ಸರಪಳಿಗಳನ್ನು ಇಂತಹ ಕಾರ್ಯಕ್ಕೆಂದು ಕೇಳಿದವನಿಗೆ ಕೊಡಬಾರದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಎಣಿಸುವಾಗ ಅಗೆಯುವ ಸಲಕರಣೆಯನ್ನೂ ಸರಪಳಿಯನ್ನೂ ಮರೆಯಲಿಲ್ಲ. ಸತ್ಕಾರ್ಯಕ್ಕೆಂದೇ ತೋಡಿದ ಗುಂಡಿಯಾದರೂ ಕಾರ್ಯ ತೀರಿದ ಮೇಲೆ ಅದನ್ನು ತೋಡಿದವನೇ ಮುಚ್ಚಬೇಕು. ಹೊಲದ ಮೂಲೆಯಲ್ಲಿ ಬಾಯ್ದೆರೆದ ಒಣ ಕೊಳವೆಬಾವಿ, ಕಟ್ಟೆಯಿಲ್ಲದ ಹಾಳುಬಾವಿ, ಬೇಲಿಯಲ್ಲಿ ಮರೆತುಹೋದ ತಂತಿಯ ಕುಣಿಕೆ ಇವುಗಳಲ್ಲಿ ಯಾವುದಾದರೊಂದು ತನ್ನ ನೆಲದಲ್ಲಿ ಉಂಟೇ ಎಂದು ಪ್ರತಿಯೊಬ್ಬ ಶ್ರಾವಕನು ಒಮ್ಮೆ ನಡೆದುಹೋಗಿ ನೋಡಿಬರುವುದು, ಸಾಮಾಯಿಕಕ್ಕೆ ಕುಳಿತುಕೊಳ್ಳುವ ಮುನ್ನ ಮಾಡಬಹುದಾದ ಒಳ್ಳೆಯ ಸಿದ್ಧತೆ.